101.1: ಎಣಿಸುವ ರೇಡಿಯೋ, ಎಣಿಸದ ರೇಡಿಯೋ



ಹ್ಯೂಸ್ಟನ್‌ನಿಂದ ಡಲ್ಲಾಸ್‌ಗೆ ಹೋಗುವ ಐ-45 ಹೆದ್ದಾರಿ ನಮ್ಮ ದ ವುಡ್‌ಲ್ಯಾಂಡ್ಸ್ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಮಲ್ಲಿಗೆ ಕನ್ನಡ ಸಂಘದ ಕಾರ್ಯಕ್ರಮಕ್ಕೋ, ನೆಂಟರ ಮನೆಯ ಸತ್ಯನಾರಾಯಣ ಪೂಜೆಗೋ ಆ ದಾರಿಯಲ್ಲಿ ಹೋಗಿಬಂದವರು ನಮ್ಮಲ್ಲಿ ಬಹಳ ಜನ. ಕಾರಿನ ರೇಡಿಯೋವನ್ನು 101.1ಕ್ಕೆ ತಿರುಗಿಸಿ ಹಾಗೇ ಬಿಟ್ಟರೆ ಒಂದು ತಮಾಷೆ ನಡೆಯುತ್ತಿತ್ತು. ಹೊರಡುವಾಗ ಸ್ಪ್ಯಾನಿಷ್ ಹಾಡು, ಡೋಲಿನ ಕುಣಿತ. ನಡುದಾರಿಯಲ್ಲಿ ಬರೀ ಗೊರಗೊರ. ಡಲ್ಲಾಸ್ ಹತ್ತಿರವಾಗುತ್ತಿದ್ದಂತೆ ಅದೇ 101.1ರಲ್ಲಿ ಬೇಥೋವನ್! ಮುಳ್ಳು ಒಂದು ಕೂದಲೆಳೆಯಷ್ಟೂ ಅಲುಗಾಡಿಲ್ಲ, ಆದರೆ ಲೋಕವೇ ಬೇರೆ.

ಎಫ್ಎಂನ ಗುಣವೇ ಹಾಗೆ. ಅದರ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ. ಭೂಮಿಯ ಬಾಗು ಅಡ್ಡ ಬಂತೆಂದರೆ ಮುಗಿಯಿತು. ಎಷ್ಟು ಎತ್ತರದ ಗೋಪುರ ಕಟ್ಟಿದರೂ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ದನಿ ಬಡವಾಗುತ್ತದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ, ಅದೇ 612 ಕಿಲೋಹರ್ಟ್ಸ್, ಜಿಲ್ಲೆ ಜಿಲ್ಲೆ ದಾಟಿ ಹಳ್ಳಿಯ ಜಗಲಿಗೂ ಹೋಗುತ್ತಿತ್ತು. ಎಫ್ಎಂ ಮಾತ್ರ ಒಂದು ಊರಿನ ಸೊತ್ತು. ಆದ್ದರಿಂದಲೇ ಒಂದು ಊರಿನ ಎಫ್ಎಂ ಯಾವ ಹಾಡು ಹಾಕುತ್ತದೆ ಎನ್ನುವುದು ಆ ಊರು ಯಾರನ್ನು ತನ್ನವರೆಂದು ಎಣಿಸುತ್ತದೆ ಎನ್ನುವುದಕ್ಕೆ ಒಂದು ಗುರುತು. ಕನ್ನಡದಲ್ಲಿ 'ಎಣಿಸು' ಎಂದರೆ ಲೆಕ್ಕ ಹಾಕುವುದೂ ಹೌದು, ಭಾವಿಸುವುದೂ ಹೌದು. ಈ ಬರಹ ಆ ಎರಡು ಅರ್ಥಗಳ ನಡುವೆ ನಡೆದ ಕಥೆ.

ಒಂದೇ ಸಂಖ್ಯೆ, ಎರಡು ಹಣೆಬರಹ

ಹ್ಯೂಸ್ಟನ್ನಿನ 101.1 ಅಂದರೆ ಕೆ.ಎಲ್.ಓ.ಎಲ್. 1970ರಿಂದ ಅದು ರಾಕ್ ಸಂಗೀತದ ತವರುಮನೆ. 2004ರ ಆಗಸ್ಟ್‌ನಲ್ಲಿ ಎರಡೆರಡು ಸೂಟ್‌ಕೇಸು, ಒಂದೊಂದು ಪ್ರೆಶರ್ ಕುಕ್ಕರು ಹೊತ್ತುಕೊಂಡು ಎಂ.ಎಸ್. ಮಾಡಲು ಬಂದಿಳಿದ ನಮ್ಮ ತಂಡಕ್ಕೆ ಈ ಊರಿನ ಪರಿಚಯ ಮಾಡಿಸಿದ್ದು ನಾಲ್ಕು ಜನ ಸೇರಿ ಕೊಂಡ ಹಳೇ ಕಾರಿನ ರೇಡಿಯೋ. ಆ ಅಬ್ಬರದ ಗಿಟಾರು ಅರ್ಥವಾಗುವಷ್ಟರಲ್ಲಿ, ನವೆಂಬರ್ 12ರ ಶುಕ್ರವಾರ, ಅದು ಇದ್ದಕ್ಕಿದ್ದಂತೆ ನಿಂತೇಹೋಯಿತು. ಅದೇ ಜಾಗದಲ್ಲಿ 'ಮೆಗಾ 101' ಎಂಬ ಹೆಸರಿನಲ್ಲಿ ಸ್ಪ್ಯಾನಿಷ್ ಹಾಡುಗಳು, ರೆಗೆಟಾನ್. ಮೂವತ್ನಾಲ್ಕು ವರ್ಷದ ರೂಢಿಗೆ ಒಂದು ದಿನದ ನೋಟೀಸೂ ಇಲ್ಲ. ರಾಕ್ ಅಭಿಮಾನಿಗಳು ಸಿಟ್ಟಾದರು, ಪ್ರತಿಭಟಿಸಿದರು, ಪ್ರಯೋಜನವಾಗಲಿಲ್ಲ.

ಕಾರಣ ಗೂಢವೇನಲ್ಲ. 2000ದ ಜನಗಣತಿಯಲ್ಲಿ ಹ್ಯಾರಿಸ್ ಕೌಂಟಿಯ ಮೂವರಲ್ಲಿ ಒಬ್ಬರು ಹಿಸ್ಪಾನಿಕ್ ಮೂಲದವರು. 2010ಕ್ಕೆ ಅವರ ಪ್ರಮಾಣ ಶೇಕಡ 41ರ ಹತ್ತಿರ ಬಂತು. ಕೇಂದ್ರದ ಒಡೆಯರಾಗಿದ್ದ ಕ್ಲಿಯರ್ ಚಾನೆಲ್ ಕಂಪನಿ ಹುಟ್ಟಿದ್ದು ನಮ್ಮದೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ, 1972ರಲ್ಲಿ. ಒಂದು ಕಂಪನಿ ದೇಶಾದ್ಯಂತ ನಲವತ್ತಕ್ಕಿಂತ ಹೆಚ್ಚು ಕೇಂದ್ರ ಇಟ್ಟುಕೊಳ್ಳಬಾರದು ಎಂಬ ಮಿತಿಯನ್ನು 1996ರ ದೂರಸಂಪರ್ಕ ಕಾಯಿದೆ ತೆಗೆದುಹಾಕಿದ ಮೇಲೆ ಅದು ಬೆಳೆದು ಸುಮಾರು 1,200 ಕೇಂದ್ರಗಳ ಯಜಮಾನನಾಯಿತು. ಅಷ್ಟು ಕೇಂದ್ರಗಳಿರುವವನಿಗೆ ಪ್ರತಿ ಊರೂ ಒಂದು ಕೋಷ್ಟಕದ ಒಂದು ಸಾಲು. ಸಾಲಿನ ಕೊನೆಯ ಅಂಕಿ ಇಳಿದರೆ ಹಾಡು ಬದಲಾಗುತ್ತದೆ. ರಾಕ್ ಕೇಳುವವರ ದುಃಖ ನಿಜ. ಅದೇ ಬೆಳಿಗ್ಗೆ ತಮ್ಮ ಭಾಷೆಯನ್ನು ಆ ದೊಡ್ಡ ಸ್ಟೇಷನ್ನಿನಲ್ಲಿ ಕೇಳಿದ ಹುಡುಗರ ಸಂತೋಷವೂ ಅಷ್ಟೇ ನಿಜ.

ಡಲ್ಲಾಸಿನ 101.1 ಅಂದರೆ ಡಬ್ಲ್ಯು.ಆರ್.ಆರ್. ಇದರ ಒಡೆಯ ಕಂಪನಿಯಲ್ಲ, ನಗರಪಾಲಿಕೆ! 1921ರಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದವರಿಗೆ, ಪೊಲೀಸರಿಗೆ ಸುದ್ದಿ ಮುಟ್ಟಿಸಲೆಂದು ಶುರುವಾದ ಪ್ರಸಾರ. ಕರೆ ಇಲ್ಲದ ಹೊತ್ತಿನಲ್ಲಿ ಸಿಬ್ಬಂದಿ ಹಾಡು ಹಾಕತೊಡಗಿದರು, ಅದೇ ರೇಡಿಯೋ ಆಯಿತು. 1948ರಲ್ಲಿ ಎಫ್ಎಂ ಬಂತು, 1964ರಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. 2023ರ ಜನವರಿಯಲ್ಲಿ ನಿರ್ವಹಣೆಯನ್ನು ಕೆ.ಇ.ಆರ್.ಎ. ಸಾರ್ವಜನಿಕ ಕೇಂದ್ರಕ್ಕೆ ಒಪ್ಪಿಸಿದರೂ ಪರವಾನಗಿ ಪಾಲಿಕೆಯ ಕೈಯಲ್ಲೇ ಉಳಿಯಿತು. ಲೆಕ್ಕ ಹಾಕಿ ನೋಡಿದರೆ ಬೇಥೋವನ್‌ಗಿಂತ ಹೆಚ್ಚು ಜಾಹೀರಾತು ತರುವ ಹಾಡು ಸಾವಿರ ಇವೆ. ಆದರೆ ಇಲ್ಲಿ ಆ ಲೆಕ್ಕವೊಂದೇ ಕೊನೆಯ ಮಾತಾಗಲಿಲ್ಲ.

ಹೀಗೆ ಒಂದೇ ಸಂಖ್ಯೆಯ ಎರಡು ಕೇಂದ್ರಗಳು ಗಾಳಿಯಲ್ಲಿ ಬದುಕುವ ಎರಡು ದಾರಿಗಳನ್ನು ತೋರಿಸುತ್ತವೆ. ಒಂದು, ಎಣಿಕೆಗೆ ಸಿಗುವಷ್ಟು ಜನ ಇರಬೇಕು. ಇನ್ನೊಂದು, ಎಣಿಸದ ಒಡೆಯನೊಬ್ಬ ಇರಬೇಕು. ಈ ಎರಡು ದಾರಿಯನ್ನು ಇಟ್ಟುಕೊಂಡು ನಮ್ಮ ಬೆಂಗಳೂರಿಗೆ ಹೋಗಿಬರೋಣ.

ಬೆಂಗಳೂರಿನ ಕಿವಿಗಳು

ನಮ್ಮ ಪೀಳಿಗೆಗೆ ರೇಡಿಯೋ ಅಂದರೆ ಮೊದಲಿಗೆ ಆಕಾಶವಾಣಿಯೇ. ಬೆಳಿಗ್ಗೆ ಚಿಂತನ, ಪ್ರದೇಶ ಸಮಾಚಾರ, ಸಂಜೆ ಕೃಷಿರಂಗ, ನಡುವೆ ಸುಗಮ ಸಂಗೀತ. ಯಾರು ಕೇಳುತ್ತಾರೆ ಎಂದು ಲೆಕ್ಕ ಇಟ್ಟು ಹಾಕುತ್ತಿದ್ದದ್ದಲ್ಲ, ಕೇಳಬೇಕಾದ್ದು ಎಂದು ಯಾರೋ ತೀರ್ಮಾನಿಸಿ ಹಾಕುತ್ತಿದ್ದದ್ದು. ಅದರಲ್ಲಿ ಬೇಸರದ ಪಾಲೂ ಇತ್ತು ಅನ್ನಿ! ಒಂದು ಕಾಲಕ್ಕೆ ಈ ತೀರ್ಮಾನ ಎಷ್ಟು ಬಿಗಿಯಾಗಿತ್ತೆಂದರೆ 1952ರಲ್ಲಿ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಚಿತ್ರಗೀತೆಗಳೇ ಆಕಾಶವಾಣಿಯಿಂದ ಮರೆಯಾದವು. ಕೇಳುಗರು ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಅವರನ್ನು ಮರಳಿ ಕರೆಯಲು. ಅಂದರೆ ಎಣಿಸದ ಒಡೆಯನೂ ಅತಿ ಮಾಡಿದರೆ ಕೇಳುಗ ಎದ್ದುಹೋಗುತ್ತಾನೆ.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ ಎಂದಿತು. ಆಮೇಲೆ ಎಫ್ಎಂ ಹರಾಜು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ 91 ಶುರುವಾಯಿತು, ಭಾರತದ ಮೊತ್ತಮೊದಲ ಖಾಸಗಿ ಎಫ್ಎಂ. ಹಾಸ್ಟೆಲ್ಲಿನಲ್ಲಿದ್ದ ನಮಗೆ ಅದೊಂದು ಹಬ್ಬ. ಹತ್ತಿಪ್ಪತ್ತು ರೂಪಾಯಿಯ ಇಯರ್‌ಫೋನು, ಅಂಗೈಯಗಲದ ರೇಡಿಯೋ, ನಮ್ಮದೇ ವಯಸ್ಸಿನವರ ಹಾಗೆ ಹರಟುವ ದನಿಗಳು.

ಆದರೆ ಆ ಹರಟೆ ಬಹುಪಾಲು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡ ಇತ್ತು, ಊಟದೆಲೆಯ ತುದಿಯ ಉಪ್ಪಿನಷ್ಟು. ಇದಕ್ಕೂ ಕಾರಣ ಗೂಢವೇನಲ್ಲ. ಮೊದಲ ಹಂತದ ಪರವಾನಗಿಯಲ್ಲಿ ಕಂಪನಿ ಕಟ್ಟಬೇಕಾದ ಶುಲ್ಕ ಮೊದಲೇ ನಿಗದಿ, ಅದರ ಮೇಲೆ ವರ್ಷಕ್ಕೆ ಶೇಕಡ 15ರ ಏರಿಕೆ. ಸಂಪಾದನೆ ಇರಲಿ ಬಿಡಲಿ, ಕಟ್ಟಲೇಬೇಕು. ಹಾಗಾಗಿ ಜಾಹೀರಾತಿನವರು ಬಯಸುವ ಕೇಳುಗನನ್ನೇ ಹಿಡಿಯಬೇಕು. ಆ ಕೇಳುಗ ಹೊರಗಿನಿಂದ ಬಂದ, ಕೈಯಲ್ಲಿ ದುಡ್ಡಿರುವ, ಐಟಿ ಕಂಪನಿಯ ಹುಡುಗ ಎಂಬುದು ಊಹೆ. ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ನಿಂತವರು, ಆಟೋ ಓಡಿಸುವವರು, ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರು ಆ ಊಹೆಯಲ್ಲಿ ಇರಲಿಲ್ಲ. ಅವರು ಲೆಕ್ಕಕ್ಕೇ ಇರಲಿಲ್ಲ. ಯಾರೂ ಲೆಕ್ಕ ಹಾಕಿಯೂ ಇರಲಿಲ್ಲ!

2005ರಲ್ಲಿ ನಿಯಮ ಬದಲಾಯಿತು. ಒಂದು ಸಲದ ಪ್ರವೇಶ ಶುಲ್ಕ, ಆಮೇಲೆ ಆದಾಯದ ಶೇಕಡ 4ರಷ್ಟು ಸರ್ಕಾರಕ್ಕೆ. ಸೋತರೆ ಮುಳುಗುವ ಭಯ ಕಡಿಮೆಯಾದ ಕೂಡಲೇ 2006ರಲ್ಲಿ ಬೆಂಗಳೂರಿನ ಗಾಳಿ ತುಂಬಿಕೊಂಡಿತು. ರೇಡಿಯೋ ಮಿರ್ಚಿ 98.3, ಬಿಗ್ 92.7, ಎಸ್ ಎಫ್ಎಂ 93.5, ರೇಡಿಯೋ ಒನ್ 94.3, ಇಂಗ್ಲಿಷಿಗೆಂದೇ ಇಂಡಿಗೋ 91.9. ಇಷ್ಟು ಜನ ಒಂದೇ ಐಟಿ ಹುಡುಗನ ಬೆನ್ನು ಹತ್ತಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲವಲ್ಲ. ಕನ್ನಡವನ್ನೇ ಮುಂದಿಟ್ಟುಕೊಂಡು ಬಂದವರಿಗೆ ಬಾಗಿಲು ತೆರೆದಿತ್ತು. ಕನ್ನಡ ಯಾಕಿಲ್ಲ ಎಂದು ಕೇಳುಗರೂ ಜೋರಾಗಿ ಕೇಳತೊಡಗಿದ್ದರು.

ಅದೇ ವರ್ಷದ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ತೆರೆಕಂಡಿತು. ಯೋಗರಾಜ ಭಟ್ಟರ ಆ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲೇ ವರ್ಷ ದಾಟಿ ಓಡಿತು. ಸಂಗೀತ ಕೊಟ್ಟವರು ಮನೋಮೂರ್ತಿ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನಮ್ಮಂಥದೇ ಸಾಫ್ಟ್‌ವೇರ್ ಹಿನ್ನೆಲೆಯ ಅನಿವಾಸಿ. ಹಾಡಿದ ಸೋನು ನಿಗಮ್, ಶ್ರೇಯಾ ಘೋಷಾಲ್ ಹಿಂದಿಯ ಎಫ್ಎಂ ಕೇಳುಗರಿಗೆ ಮೊದಲೇ ಪರಿಚಿತರು. ಹಿಂದಿ ಹಾಡಿಗೆ ಒಗ್ಗಿದ ಕಿವಿಯೊಳಕ್ಕೆ ಕನ್ನಡ ಅದೇ ಕಂಠದಲ್ಲಿ ಹೊಕ್ಕಿತು ಅನ್ನಬಹುದು. ಒಂದೆರಡು ವರ್ಷದಲ್ಲಿ ಬೆಂಗಳೂರಿನ ದೊಡ್ಡ ಸ್ಟೇಷನ್‌ಗಳು ಕನ್ನಡದ ಕಡೆ ಹೊರಳಿದವು. ರೇಡಿಯೋ ಸಿಟಿಯೂ ಕನ್ನಡವಾಯಿತು. ಮಿರ್ಚಿಯ ಘೋಷವಾಕ್ಯ 'ಸಖತ್ ಹಾಟ್ ಮಗಾ' ಎಂದು ಬೀದಿಯ ಕನ್ನಡದಲ್ಲೇ ಬಂತು.

ಇದೆಲ್ಲ ಆಗುವಾಗ ನಾವು ಅಲ್ಲಿರಲಿಲ್ಲ. ಕನ್ನಡ ಇಲ್ಲದ ಎಫ್ಎಂ ಕೇಳಿಕೊಂಡು ಬೆಳೆದು, ಕನ್ನಡ ಬರುವ ಎರಡು ವರ್ಷ ಮೊದಲು ವಿಮಾನ ಹತ್ತಿದವರು ನಾವು. ಕಾಲಿಂಗ್ ಕಾರ್ಡಿನಲ್ಲಿ ಊರಿಗೆ ಫೋನು ಮಾಡಿದಾಗ ಅಮ್ಮನ ಮಾತಿನ ಹಿಂದೆ ಅಡಿಗೆಮನೆಯ ರೇಡಿಯೋದಿಂದ ಹೊಸ ಕನ್ನಡ ಹಾಡು ಕೇಳಿಸುತ್ತಿತ್ತು. ಅದೆಂಥ ಹಾಡು ಎಂದು ಕೇಳಿದರೆ, ಇಷ್ಟೂ ಗೊತ್ತಿಲ್ಲವಾ ನಿನಗೆ, ಎಲ್ಲ ಕಡೆ ಅದೇ ಬರ್ತಿದೆಯಲ್ಲೋ ಎಂಬ ಉತ್ತರ.

ಎಣಿಕೆ ತಂದದ್ದು, ಬಿಟ್ಟದ್ದು

ಸಂತೋಷದ ಸಂಗತಿಯೇ. ಆದರೆ ಸಾಹಿತ್ಯದ ಬಳಗದವರಾದ ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಬಂದದ್ದು ಯಾವ ಕನ್ನಡ?

ಬಂದದ್ದು ಮುಖ್ಯವಾಗಿ ಹೊಸ ಚಿತ್ರಗೀತೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ದನಿಯ ಭಾವಗೀತೆಗಳು, ವಚನ, ದಾಸರ ಪದ, ಶಿಶುನಾಳರ ತತ್ವಪದ ಇವಕ್ಕೆಲ್ಲ ಖಾಸಗಿ ಎಫ್ಎಂನ ದಿನಚರಿಯಲ್ಲಿ ದೊಡ್ಡ ಜಾಗ ಸಿಗಲಿಲ್ಲ. ಅವು ಉಳಿದದ್ದು ಆಕಾಶವಾಣಿಯ ಮಡಿಲಲ್ಲೇ. 101.3ರ ಎಫ್ಎಂ ರೇನ್‌ಬೋ ನಮಗೆ 'ಕನ್ನಡ ಕಾಮನಬಿಲ್ಲು', ಶಾಸ್ತ್ರೀಯ ಸಂಗೀತಕ್ಕೆ 100.1ರ 'ಅಮೃತವರ್ಷಿಣಿ'. ಎಣಿಕೆ ಭಾಷೆಯನ್ನು ತಂದಿತು, ಆ ಭಾಷೆಯ ಕಾವ್ಯವನ್ನು ಅಷ್ಟಾಗಿ ತರಲಿಲ್ಲ. ಪೂರ್ತಿ ಇಲ್ಲ ಎಂದರೂ ತಪ್ಪಾದೀತು. 'ಮುಂಗಾರು ಮಳೆ'ಗೆ ಬರೆದವರಲ್ಲಿ ಕವಿ, ಕಥೆಗಾರ ಜಯಂತ ಕಾಯ್ಕಿಣಿ ಇದ್ದರು. ಒಬ್ಬ ಸಣ್ಣಕಥೆಗಾರನ ಸಾಲುಗಳು ಊರಿನ ಪ್ರತಿ ಆಟೋದಲ್ಲೂ ಹರಿದಾಡಿದ್ದು ಕಡಿಮೆ ಸಂಗತಿಯಲ್ಲ.

ಈ ಎಣಿಕೆ ನಡೆಯುವುದಾದರೂ ಹೇಗೆ? ಭಾರತದಲ್ಲಿ 2007ರಲ್ಲಿ 'ರ‍್ಯಾಮ್' ಎಂಬ ಅಳತೆ ಶುರುವಾದಾಗ ಮೊದಲ ಮೂರು ಊರುಗಳಲ್ಲಿ ಬೆಂಗಳೂರೂ ಒಂದು. ಆಯ್ದ ಕೆಲವರ ಕೈಗೆ ಡೈರಿ ಕೊಟ್ಟು, ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದಿರಿ ಎಂದು ಬರೆಸುವುದು. ಅಮೆರಿಕದಲ್ಲಿ ಆರ್ಬಿಟ್ರಾನ್ ಕಂಪನಿಯೂ ದಶಕಗಳ ಕಾಲ ಮಾಡಿದ್ದು ಇದನ್ನೇ. ಅದೇ 2007ರಲ್ಲಿ ಅದು ಡೈರಿ ಬಿಟ್ಟು ಪೇಜರಿನಂಥ ಒಂದು ಯಂತ್ರ ತಂದಿತು. ಪ್ರಸಾರದ ದನಿಯೊಳಗೆ ಕಿವಿಗೆ ಕೇಳದ ಸಂಕೇತವೊಂದನ್ನು ಬೆರೆಸಿರುತ್ತಾರೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಯಂತ್ರ ಅದನ್ನು ಗುರುತಿಸಿ ಬರೆದುಕೊಳ್ಳುತ್ತದೆ. ಇದು ಜಾರಿಗೆ ಬಂದ ಮೊದಲ ಎರಡು ಊರುಗಳು ಫಿಲಡೆಲ್ಫಿಯ ಮತ್ತು ನಮ್ಮ ಹ್ಯೂಸ್ಟನ್.

ಪ್ರೋಗ್ರಾಮು ಬರೆದು ಬದುಕುವ ನಮಗೆ ಇದರ ಜಾಣತನ ಮೆಚ್ಚುಗೆಯೇ. ಡೈರಿ ಬರೆಯುವವನು ತನ್ನ ಇಷ್ಟದ ಸ್ಟೇಷನ್ನಿನ ಹೆಸರನ್ನು ನೆನಪಿನಿಂದ ಬರೆಯುತ್ತಿದ್ದ. ಯಂತ್ರ ನೆನಪನ್ನೂ ಪ್ರೀತಿಯನ್ನೂ ಬಲ್ಲುದಲ್ಲ, ಹಾದುಹೋದ ದನಿಯನ್ನಷ್ಟೇ ಬಲ್ಲುದು. ಆದರೆ ಆ ಯಂತ್ರವನ್ನು ಯಾರ ಸೊಂಟಕ್ಕೆ ಸಿಕ್ಕಿಸಬೇಕು ಎಂದು ನಿರ್ಧರಿಸುವುದು ಮನುಷ್ಯರೇ ತಾನೆ? ಕರಿಯರನ್ನೂ ಹಿಸ್ಪಾನಿಕರನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲ ಎಂದು 2008ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಅಟಾರ್ನಿ ಜನರಲ್‌ಗಳು ಮೊಕದ್ದಮೆ ಹೂಡಿದರು. 2009ರ ಜನವರಿಯಲ್ಲಿ ರಾಜಿಯಾಯಿತು, ಮಾದರಿಯನ್ನು ಸುಧಾರಿಸುವುದಾಗಿ ಕಂಪನಿ ಒಪ್ಪಿಕೊಂಡಿತು. ಲಕ್ಷಗಟ್ಟಲೆ ಜನರಿರುವ ಸಮುದಾಯಗಳ ಗತಿಯೇ ಹೀಗಾದರೆ ಟೆಕ್ಸಾಸಿನ ಕನ್ನಡಿಗರು ಯಾವ ಲೆಕ್ಕ!

ಒಡೆಯನೂ ಮಾರಿದರೆ?

ಹಾಗಾದರೆ ಎರಡನೆಯ ದಾರಿಯೇ ಮೇಲು ಅನ್ನೋಣವೇ? ಅದರಲ್ಲೂ ನಮ್ಮವರದೇ ದೊಡ್ಡ ಉದಾಹರಣೆಯಿದೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ, ಸಣ್ಣದೊಂದು ಪ್ರೇಷಕ ಇಟ್ಟು, ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರದ್ದು. ಇಡೀ ದೇಶದ ರೇಡಿಯೋ ಅದನ್ನು ತನ್ನದಾಗಿಸಿಕೊಂಡದ್ದು 1950ರ ದಶಕದಲ್ಲಿ. ಕೇಳುಗರನ್ನು ಎಣಿಸಿ ಆಮೇಲೆ ಶುರುಮಾಡೋಣ ಎಂದಿದ್ದರೆ ಆ ಮೇಷ್ಟ್ರು ಶುರುಮಾಡುತ್ತಲೇ ಇರಲಿಲ್ಲ. ಮುಂದೆ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು, 1955ರಲ್ಲಿ ಬೆಂಗಳೂರು ಕೇಂದ್ರ ಬಂತು.

ಇದಕ್ಕೆ ಹೋಲುವಂತೆ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1967ರಲ್ಲಿ ಹಾಸ್ಟೆಲ್ಲಿನ ಕೋಣೆಗಳಿಗೆ ತಂತಿ ಎಳೆದು ಶುರುಮಾಡಿದ ಆಟ ಕೆ.ಟಿ.ಆರ್.ಯು. ಆಗಿ, 91.7ರಲ್ಲಿ ಎಫ್ಎಂ ಆಯಿತು. ಬೇರೆ ಯಾರೂ ಹಾಕದ ಹಾಡು ಹಾಕುವುದೇ ಅದರ ವ್ರತ. ಆದರೆ ಪರವಾನಗಿ ವಿಶ್ವವಿದ್ಯಾಲಯದ ಹೆಸರಿನಲ್ಲಿತ್ತು. 2010ರಲ್ಲಿ 95 ಲಕ್ಷ ಡಾಲರಿಗೆ ಅದನ್ನು ಯೂನಿವರ್ಸಿಟಿ ಆಫ್ ಹ್ಯೂಸ್ಟನ್‌ಗೆ ಮಾರುವುದೆಂದಾಯಿತು. 2011ರಲ್ಲಿ ವಿದ್ಯಾರ್ಥಿಗಳ ದನಿ ಹೋಗಿ ಶಾಸ್ತ್ರೀಯ ಸಂಗೀತ ಬಂತು. 2016ರ ಹೊತ್ತಿಗೆ ಆ ಶಾಸ್ತ್ರೀಯ ಸಂಗೀತವೂ ಡಿಜಿಟಲ್ ಮೂಲೆಗೆ ಸರಿದು 91.7 ಕ್ರೈಸ್ತ ಸಂಗೀತದ ಸಂಸ್ಥೆಯೊಂದರ ಪಾಲಾಯಿತು. ವಿದ್ಯಾರ್ಥಿಗಳು ಬಿಡಲಿಲ್ಲ. 2015ರಲ್ಲಿ ಕಡಿಮೆ ಶಕ್ತಿಯ 96.1ರಲ್ಲಿ, ಕೆಲವೇ ಮೈಲಿಗೆ ಕೇಳುವಂತೆ, ಮತ್ತೆ ಬಂದರು.

ಆಸ್ಟಿನ್ ಇನ್ನೊಂದು ಬಗೆ ತೋರಿಸಿತು. ಅಲ್ಲಿನ ವಿಶ್ವವಿದ್ಯಾಲಯದ ಕೆ.ಯು.ಟಿ. 90.5ರಲ್ಲಿ ಸುದ್ದಿಯೂ ಸಂಗೀತವೂ ಒಂದೇ ಮನೆಯಲ್ಲಿ ಇಕ್ಕಟ್ಟಾಗಿದ್ದವು. ಹಾಡನ್ನು ಹೊರಗಟ್ಟುವ ಬದಲು ಇನ್ನೊಂದು ಕೇಂದ್ರವನ್ನೇ ಕೊಂಡು, 2013ರ ಜನವರಿಯಲ್ಲಿ ಕೆ.ಯು.ಟಿ.ಎಕ್ಸ್. 98.9 ಎಂದು ಸಂಗೀತಕ್ಕೆ ಬೇರೆ ಮನೆ ಮಾಡಿಕೊಟ್ಟರು. ಖರ್ಚಿನ ದೊಡ್ಡ ಪಾಲು ಕೇಳುಗರ ದೇಣಿಗೆಯದು. ಎಣಿಸುವವನನ್ನೂ ಒಡೆಯನನ್ನೂ ಪೂರ್ತಿ ನೆಚ್ಚದೆ, ಕೇಳುವವರೇ ಕೈಯಿಂದ ಹಾಕಿ ಉಳಿಸಿಕೊಳ್ಳುವುದು ಮೂರನೆಯ ದಾರಿ.

ನಮ್ಮ ಲೆಕ್ಕ

2000ದಲ್ಲಿ ಅಕ್ಕ ಸಂಸ್ಥೆಯ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಹ್ಯೂಸ್ಟನ್ನಿನಲ್ಲಿ, 2018ರದು ಡಲ್ಲಾಸಿನಲ್ಲಿ. ಸಮ್ಮೇಳನಕ್ಕೆ ಸೇರುವಷ್ಟು ಜನ ನಾವಿದ್ದೇವೆ, ಆದರೆ ಒಂದು ಎಫ್ಎಂ ತಿರುಗಿಸುವಷ್ಟಿಲ್ಲ. ಡಲ್ಲಾಸಿನಲ್ಲಿ ಫನ್‌ಏಷ್ಯಾ ಬಂದಾಗಲೂ ಅದರ ಮುಖ್ಯ ಭಾಷೆ ಹಿಂದಿ. ದಕ್ಷಿಣ ಏಷ್ಯಾದವರೆಂದು ಒಟ್ಟಿಗೆ ಕಟ್ಟಿ ಎಣಿಸಿದಾಗ ಆಗುವುದು ಅದೇ, 2001ರ ಬೆಂಗಳೂರಿನ ಲೆಕ್ಕ.

ಈಗ ಆ್ಯಪ್ ಇದೆಯಲ್ಲ, ಬೇಕಾದ ಕನ್ನಡ ಹಾಡು ಬೇಕಾದಾಗ ಕೇಳಬಹುದಲ್ಲ ಎನ್ನುತ್ತೀರಿ. ನಿಜ. ಆದರೆ ಆ್ಯಪಿನಲ್ಲಿ ಹುಡುಕಿದ್ದು ಸಿಗುತ್ತದೆ, ರೇಡಿಯೋದಲ್ಲಿ ಹುಡುಕದ್ದೂ ಕಿವಿಗೆ ಬೀಳುತ್ತದೆ. ನಮ್ಮ ಮಕ್ಕಳನ್ನೇ ನೋಡಿ. ಶಾಲೆಗೆ ಹೋಗುವ ಹತ್ತು ನಿಮಿಷದ ದಾರಿಯಲ್ಲಿ 101.1 ಕೇಳಿ ಕೇಳಿ ಸ್ಪ್ಯಾನಿಷ್ ಹಾಡಿನ ಪಲ್ಲವಿ ಬಾಯಿಪಾಠ. ನಾವ್ಯಾರೂ ಕಲಿಸಿದ್ದಲ್ಲ, ಗಾಳಿಯಲ್ಲಿತ್ತು, ಅಂಟಿಕೊಂಡಿತು. ಅದೇ ಮಕ್ಕಳಿಗೆ ಕನ್ನಡ ಭಾನುವಾರದ ಪಾಠ, ಮನೆಯಲ್ಲಿ ಕೇಳುವ ಆಜ್ಞೆ, ಊಟಕ್ಕೆ ಕರೆಯುವ ದನಿ. ಯಾರಿಗೋ ಹೇಳಿದ ಕನ್ನಡ ತಮ್ಮ ಕಿವಿಗೂ ಬಿದ್ದ ಅನುಭವ ಅವರಿಗೆ ಬಹಳ ಕಡಿಮೆ. ಭಾಷೆ ಉಳಿಯುವುದು ಅರ್ಧ ಪಾಲು ಹಾಗೆ ಕಿವಿಗೆ ಬಿದ್ದದ್ದರಿಂದ.

ನಮ್ಮನ್ನು ಎಣಿಸುವ ಯಂತ್ರ ಇಲ್ಲ, ನಮಗಾಗಿ ಪರವಾನಗಿ ಇಟ್ಟುಕೊಂಡ ಪಾಲಿಕೆಯೂ ಇಲ್ಲ. ಉಳಿದದ್ದು ಗೋಪಾಲಸ್ವಾಮಿಯವರ ದಾರಿ, ಮನೆಯಿಂದಲೇ ಶುರುಮಾಡುವುದು. ಆದ್ದರಿಂದ ಬಳಗದ ಮುಂದೆ ಒಂದು ಸಲಹೆ. ತಿಂಗಳಿಗೊಂದು ಸಲ ಸೇರಿ ಓದುವ ಕಥೆ, ಕವಿತೆ, ಹಾಡು ಇವನ್ನು ಅರ್ಧ ಗಂಟೆ ಧ್ವನಿಮುದ್ರಿಸಿ ಎಲ್ಲರಿಗೂ ಕಳಿಸೋಣ. ಮಕ್ಕಳನ್ನು ಕೂರಿಸಿಕೊಂಡು ಕೇಳಿಸಬೇಡಿ, ಸುಮ್ಮನೆ ಕಾರಿನಲ್ಲಿ ಹಾಕಿಬಿಡಿ. ಕೇಳಿದರೋ ಇಲ್ಲವೋ ಎಂದು ಲೆಕ್ಕ ಬೇಡ.

ಜೊತೆಗೆ ಇನ್ನೊಂದು ಕೋರಿಕೆ. ನಿಮ್ಮ ಅಟ್ಟದಲ್ಲಿ, ಗರಾಜಿನ ಡಬ್ಬಿಗಳಲ್ಲಿ ಆಕಾಶವಾಣಿಯಿಂದ ಟೇಪು ಮಾಡಿಕೊಂಡ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಹಾಡಿಗಿಂತ ಮುಂಚೆ ಬರುವ ಉದ್ಘೋಷಕರ ಎರಡು ಮಾತು, ಸಮಯ ತಿಳಿಸುವ ದನಿ ಬೇರೆಲ್ಲೂ ಸಿಗುವಂಥವಲ್ಲ. ನಮ್ಮ ಹತ್ತಿರ ಟೇಪು ಓಡಿಸುವ ಡೆಕ್ ಒಂದಿದೆ, ಕಂಪ್ಯೂಟರಿಗೆ ಇಳಿಸಿ ವಾಪಸು ಕೊಡುವ ಜವಾಬ್ದಾರಿ ನಮ್ಮದು. ಮುಂದಿನ ಸಭೆಗೆ ಬರುವಾಗ ಮರೆಯದೆ ತನ್ನಿ.